ಕೃಷ್ಣೆಗೆ ಬೀಳುವ ಗೊಬ್ಬರದ ಲೆಕ್ಕ ಇಟ್ಟವರಾರು?

ಐನಾಪುರ: ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ ಮಹಾರಾಷ್ಟ್ರದಲ್ಲಿ ಸುಮಾರು 300 ಕಿ.ಮೀ. ಹರಿದು ಬೆಳಗಾವಿ ಜಿಲ್ಲೆಯ ಈ ಭಾಗದಲ್ಲಿ ಕರ್ನಾಟಕವನ್ನು ಪ್ರವೇಶಿಸುತ್ತದೆ. ಯಡೂರು, ಜುಗೂಳ, ಉಗಾರ, ಕುಡಚಿ, ಐನಾಪುರ ಇವೆಲ್ಲ ರಾಜ್ಯದಲ್ಲಿ ಕೃಷ್ಣೆಯನ್ನು ಮೊದಲು ಕಾಣುವ ಊರುಗಳು. ಪ್ರತಿವರ್ಷ ಬೇಸಿಗೆ ಬಂತೆಂದರೆ ಈ ಊರುಗಳಲ್ಲಿ ಒಂದೇ ಚರ್ಚೆ: ಕೊಯ್ನಾದಿಂದ ನೀರು ಬಿಡುತ್ತಾರೆಯೇ, ಇಲ್ಲವೇ? 2019ರ ಬೇಸಿಗೆಯಲ್ಲಿ ನದಿ ಬತ್ತಿ ಮರಳು ಕಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ನದಿ ಊರುಗಳನ್ನೇ ಮುಳುಗಿಸಿತು. 2025ರ ಮಾರ್ಚ್ ಕೊನೆಯಲ್ಲಿಯೂ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸರಿಗೆ ಪತ್ರ ಬರೆದು ಕೃಷ್ಣೆಗೆ ನೀರು ಬಿಡುವಂತೆ ಕೋರಬೇಕಾಯಿತು.

ನೀರು ಎಷ್ಟು ಬರುತ್ತದೆ ಎಂಬ ಈ ಚರ್ಚೆಯ ಅಬ್ಬರದಲ್ಲಿ, ಬರುವ ನೀರು ಎಂಥದ್ದು ಎಂಬ ಪ್ರಶ್ನೆ ಹಿಂದೆ ಸರಿದಿದೆ. ಬಾಂದಾರಗಳ ಹಿಂದೆ ನಿಂತ ನೀರು ಹಸಿರಾಗುವುದು, ಜಲಕಳೆ ಹಬ್ಬುವುದು, ಕೆಲವೊಮ್ಮೆ ಮೀನುಗಳು ಹೊಟ್ಟೆ ಮೇಲಾಗಿ ತೇಲುವುದು - ಇವು ಕೃಷ್ಣಾ ಕೊಳ್ಳದ ಮೇಲ್ಭಾಗಕ್ಕೆ ಈಗ ಹೊಸ ಸುದ್ದಿಗಳೇನಲ್ಲ. 2023ರ ಮಾರ್ಚ್‌ನಲ್ಲಿ ಸಾಂಗ್ಲಿಯ ಬಳಿ ಕೃಷ್ಣೆಯಲ್ಲಿ ಮೀನುಗಳು ಸಾಮೂಹಿಕವಾಗಿ ಸತ್ತಾಗ ಅದು ದೊಡ್ಡ ಸುದ್ದಿಯಾಯಿತು. ಸುದ್ದಿ ತಣ್ಣಗಾದ ಮೇಲೆ ಉಳಿದದ್ದು ಹಳೆಯ ವಾದವೇ: ಇಲ್ಲಿಯವರು ಮೇಲಿನವರನ್ನು ದೂರುತ್ತಾರೆ, ಊರಿನವರು ಕಾರ್ಖಾನೆಯನ್ನು ದೂರುತ್ತಾರೆ, ಪಟ್ಟಣದವರು ರೈತನ ಯೂರಿಯಾ ಚೀಲದತ್ತ ಬೆರಳು ತೋರುತ್ತಾರೆ. ಇವರಲ್ಲಿ ಯಾರ ಮಾತು ಎಷ್ಟು ನಿಜ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಅಗತ್ಯ. ಏಕೆಂದರೆ ಇದೇ ನೀರು ಮುಂದೆ ಹಿಪ್ಪರಗಿ, ಆಲಮಟ್ಟಿ, ನಾರಾಯಣಪುರಗಳ ಮೂಲಕ ಉತ್ತರ ಕರ್ನಾಟಕದ ಹಲವು ಪಟ್ಟಣಗಳ ನಲ್ಲಿಗಳಿಗೆ ಬರುತ್ತದೆ.

ಎರಡು ರೋಗ, ಒಂದೇ ಹೆಸರು

ನಮ್ಮ ಚರ್ಚೆಗಳಲ್ಲಿ 'ಮಾಲಿನ್ಯ' ಎಂಬ ಒಂದೇ ಪದದಡಿ ಎರಡು ಬೇರೆ ಬೇರೆ ರೋಗಗಳು ಸೇರಿಕೊಂಡಿವೆ.

ಮೊದಲನೆಯದು ಕೊಳೆಯುವ ವಸ್ತುವಿನ ಮಾಲಿನ್ಯ. ಸಕ್ಕರೆ ಕಾರ್ಖಾನೆಯ ತ್ಯಾಜ್ಯನೀರು, ಡಿಸ್ಟಿಲರಿಯ ಸ್ಪೆಂಟ್ ವಾಶ್, ಊರಿನ ಚರಂಡಿ ನೀರು ನದಿಗೆ ಬಿದ್ದಾಗ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ಉಸಿರು ಸಿಗದೆ ಮೀನುಗಳು ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಈ ರೋಗವನ್ನು ಅಳೆಯುವ ಮಾಪಕವೇ ಬಿಒಡಿ, ಅಂದರೆ ಜೈವಿಕ ಆಮ್ಲಜನಕ ಬೇಡಿಕೆ.

ಎರಡನೆಯದು ಪೋಷಕಾಂಶಗಳ ಮಾಲಿನ್ಯ. ಸಾರಜನಕ ಮತ್ತು ರಂಜಕ ವಿಷಗಳಲ್ಲ, ಅವು ಗೊಬ್ಬರ. ಹೊಲದಲ್ಲಿ ಕಬ್ಬನ್ನು ಬೆಳೆಸುವ ಈ ವಸ್ತುಗಳು ನೀರಿಗೆ ಇಳಿದಾಗ ಪಾಚಿಯನ್ನೂ ಜಲಕಳೆಯನ್ನೂ ಬೆಳೆಸುತ್ತವೆ. ಪಾಚಿ ಹಗಲಿನಲ್ಲಿ ಆಮ್ಲಜನಕ ಕೊಡುತ್ತದೆ, ರಾತ್ರಿಯಲ್ಲಿ ತಾನೇ ಹೀರಿಕೊಳ್ಳುತ್ತದೆ. ಅದು ಸತ್ತು ತಳ ಸೇರಿದಾಗ ಕೊಳೆಯತೊಡಗಿ ಮೊದಲನೆಯ ರೋಗವನ್ನೂ ತಂದೊಡ್ಡುತ್ತದೆ. ನೀಲಿ-ಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನೂ ಬಿಡುತ್ತವೆ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರ ಈ ಕಾರಣಕ್ಕೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿರೆಂದು ಸಾರಬೇಕಾಯಿತು. ಸುತ್ತಲಿನ ಹೊಲಗಳ ರಂಜಕ ಈರೀ ಸರೋವರ ಸೇರಿದ್ದೇ ಅದಕ್ಕೆ ಮೂಲ.

ನಮ್ಮವರಿಗೂ ಈ ಎರಡನೆಯ ರೋಗ ಅಪರಿಚಿತವಲ್ಲ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಯನ್ನು ದೇಶವೇ ನೋಡಿತು. ಕೃಷ್ಣೆಯ ಉಪನದಿಯೇ ಆದ ತುಂಗಭದ್ರೆಯ ಜಲಾಶಯದಲ್ಲಿ ಈಚಿನ ವರ್ಷಗಳಲ್ಲಿ ಹಲವು ಬಾರಿ ನೀರು ಹಸಿರು ಬಣ್ಣಕ್ಕೆ ತಿರುಗಿದೆ.

ಅಲ್ಪ ಪ್ರಮಾಣವೂ ಸಾಕು

ನೀರನ್ನು ಹಸಿರಾಗಿಸಲು ಎಷ್ಟು ಗೊಬ್ಬರ ಬೇಕು? 1970ರ ದಶಕದಲ್ಲಿ ಕೆನಡದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಒಂದು ಪುಟ್ಟ ಸರೋವರದ ನಡುವೆ ಪರದೆ ಕಟ್ಟಿ, ಎರಡೂ ಬದಿಗೆ ಇಂಗಾಲ ಮತ್ತು ಸಾರಜನಕ, ಒಂದು ಬದಿಗೆ ಮಾತ್ರ ರಂಜಕ ಹಾಕಿ ನೋಡಿದರು. ರಂಜಕ ಬಿದ್ದ ಬದಿ ಹಸಿರಾಯಿತು, ಇನ್ನೊಂದು ಬದಿ ತಿಳಿಯಾಗಿಯೇ ಉಳಿಯಿತು. ಸಿಹಿನೀರಿನಲ್ಲಿ ಪಾಚಿಯ ಕೀಲಿಕೈ ಬಹುಮಟ್ಟಿಗೆ ರಂಜಕದ ಬಳಿ ಇದೆ ಎಂಬುದು ಅಂದಿನಿಂದ ರೂಢಿಯಾದ ತಿಳಿವಳಿಕೆ. ಸಮುದ್ರದಲ್ಲಿ ಸಾರಜನಕದ ಪಾತ್ರ ಹೆಚ್ಚು.

ನಿಂತ ನೀರಿನಲ್ಲಿ ವರ್ಷದ ಸರಾಸರಿ ರಂಜಕ ಲೀಟರಿಗೆ 35 ಮೈಕ್ರೊಗ್ರಾಂ ದಾಟಿದರೆ ಅದು ಅತಿಪೋಷಣೆಗೆ ಒಳಗಾದ ನೀರು ಎಂಬುದು ಅಂತಾರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಒಂದು ಅಳತೆ. ಐನಾಪುರದ ಕೆಳಗಿನ ಹಿಪ್ಪರಗಿ ಬ್ಯಾರೇಜಿನ ಸಾಮರ್ಥ್ಯ ಸುಮಾರು 6 ಟಿಎಂಸಿ, ಎಂದರೆ 17 ಕೋಟಿ ಘನ ಮೀಟರ್. ಇಷ್ಟೂ ನೀರನ್ನು ಆ ಅಳತೆಗೆ ಮುಟ್ಟಿಸಲು ಬೇಕಾದ ರಂಜಕ ಕೇವಲ 6 ಟನ್! ಡಿಎಪಿ ಗೊಬ್ಬರದಲ್ಲಿ ಶುದ್ಧ ರಂಜಕ ಸುಮಾರು ಐದನೆಯ ಒಂದು ಭಾಗ. ಆ ಲೆಕ್ಕದಲ್ಲಿ 50 ಕಿಲೊ ತೂಕದ 600 ಚೀಲ ಡಿಎಪಿ ಸಾಕು. ತಳಕ್ಕೆ ಇಳಿಯುವುದು, ಹರಿದುಹೋಗುವುದು ಇವೆಲ್ಲವನ್ನೂ ಬಿಟ್ಟು ಹಾಕಿದ ಸರಳ ಲೆಕ್ಕ ಇದು ಎಂಬುದು ನಿಜ. ಆದರೆ ಕಬ್ಬಿನ ಸೀಮೆಯಲ್ಲಿ ಒಂದು ಹಂಗಾಮಿಗೆ ಮಾರಾಟವಾಗುವ ಗೊಬ್ಬರದ ಮುಂದೆ ಈ 600 ಚೀಲ ಎಷ್ಟು ಸಣ್ಣದೆಂಬುದನ್ನು ಯಾವ ಗೊಬ್ಬರದಂಗಡಿಯವರಾದರೂ ಹೇಳಬಲ್ಲರು.

ಹೊಲದ ಪಾಲು

ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ನದಿತೀರವೆಲ್ಲ ಕಬ್ಬು. ಬೆಳಗಾವಿ ಜಿಲ್ಲೆಯೊಂದರಲ್ಲೇ ಎರಡು ಡಜನ್‌ಗೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಉಗಾರ ಖುರ್ದದ ಕಾರ್ಖಾನೆಯ ಇತಿಹಾಸ 1939ರಷ್ಟು ಹಿಂದಕ್ಕೆ ಹೋಗುತ್ತದೆ. ನದಿಯ ಆಚೆ ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳದೂ ಇದೇ ಬೆಳೆ.

ಉತ್ತರ ಕರ್ನಾಟಕದ ನೀರಾವರಿ ಕಬ್ಬಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 250 ಕಿಲೊ ಸಾರಜನಕ, 75 ಕಿಲೊ ರಂಜಕ, 190 ಕಿಲೊ ಪೊಟ್ಯಾಷ್. ಬರೇ ಯೂರಿಯಾದ ರೂಪದಲ್ಲಿ ಲೆಕ್ಕ ಹಾಕಿದರೆ 250 ಕಿಲೊ ಸಾರಜನಕವೆಂದರೆ ಎಕರೆಗೆ 45 ಕಿಲೊ ತೂಕದ ಸುಮಾರು ಐದು ಚೀಲ. ಇದು ಶಿಫಾರಸು. ಇದಕ್ಕಿಂತ ಹೆಚ್ಚು ಹಾಕುವವರಿಗೆ ಹಳ್ಳಿಗಳಲ್ಲಿ ಬರವಿಲ್ಲ. ಹಾಕಿದ ಸಾರಜನಕದಲ್ಲಿ ಬೆಳೆ ಹೀರಿಕೊಳ್ಳುವುದು ಸಾಮಾನ್ಯವಾಗಿ ಅರ್ಧ, ಅಥವಾ ಅದಕ್ಕಿಂತಲೂ ಕಡಿಮೆ. ಉಳಿದದ್ದರಲ್ಲಿ ಒಂದಿಷ್ಟು ಅನಿಲವಾಗಿ ಹೋಗುತ್ತದೆ, ಒಂದಿಷ್ಟು ಮಣ್ಣಿನಲ್ಲಿ ಉಳಿಯುತ್ತದೆ, ಇನ್ನೊಂದಿಷ್ಟು ನೈಟ್ರೇಟ್ ಆಗಿ ನೀರಿನ ಜತೆ ಕೆಳಗಿಳಿಯುತ್ತದೆ.

ನೈಟ್ರೇಟ್ ಮತ್ತು ರಂಜಕಗಳ ಪ್ರಯಾಣದ ದಾರಿ ಬೇರೆ ಬೇರೆ. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಸಾಲುಗಳಿಗೆ ತುಂಬಿ ಹರಿಸುವ ನೀರಿನೊಡನೆ ಬೇರಿನ ಕೆಳಗಿಳಿದು ಬಾವಿ, ಕೊಳವೆಬಾವಿ ಸೇರುತ್ತದೆ, ಅಲ್ಲಿಂದ ಹಳ್ಳಕ್ಕೆ ಒಸರುತ್ತದೆ. ರಂಜಕ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ; ಮಣ್ಣು ಕೊಚ್ಚಿಹೋದಾಗ ತಾನೂ ಹೋಗುತ್ತದೆ. ಹೀಗಾಗಿ 2005, 2019, 2021ರಂಥ ಮಹಾಪೂರಗಳು ನದಿಯನ್ನು ತೊಳೆದು ಶುದ್ಧ ಮಾಡುತ್ತವೆ ಎಂಬ ನಂಬಿಕೆ ಅರ್ಧಸತ್ಯ. ಪೂರ ತನ್ನೊಡನೆ ಹೊಲದ ಮೇಲ್ಮಣ್ಣನ್ನೂ ಅದಕ್ಕಂಟಿದ ರಂಜಕವನ್ನೂ ತಂದು ಬಾಂದಾರಗಳ ತಳದಲ್ಲಿ ಸುರಿಯುತ್ತದೆ. ಬೇಸಿಗೆಯಲ್ಲಿ ತಳದ ನೀರಿನಲ್ಲಿ ಆಮ್ಲಜನಕ ತೀರಿದಾಗ ಆ ಹೂಳಿನಿಂದ ರಂಜಕ ಮತ್ತೆ ಬಿಡುಗಡೆಯಾಗುತ್ತದೆ. ಹೊಸದಾಗಿ ಗೊಬ್ಬರ ಬೀಳದಿದ್ದರೂ ನೀರು ಹಸಿರಾಗುವ ಪವಾಡದ ಹಿಂದಿನ ಗುಟ್ಟು ಇದು.

ಇದರ ಜತೆಗೆ ಸವಳು-ಜವಳಿನ ಪ್ರಶ್ನೆಯಿದೆ. ಅತಿನೀರಾವರಿಯಿಂದ ನದಿತೀರದ ಕಪ್ಪು ಮಣ್ಣಿನ ಎಷ್ಟೋ ಹೊಲಗಳು ಉಪ್ಪೇರಿ ಕೆಟ್ಟಿವೆ. ಅವನ್ನು ಸುಧಾರಿಸಲು ನೆಲದಡಿ ತೂತಿನ ಕೊಳವೆ ಹೂಳಿ ನೀರು ಬಸಿಯುವ ವ್ಯವಸ್ಥೆ ಒಳ್ಳೆಯ ಉಪಾಯವೇ. ಆದರೆ ಉಪ್ಪಿನೊಡನೆ ನೈಟ್ರೇಟನ್ನೂ ಅದು ನೇರವಾಗಿ ಹಳ್ಳಕ್ಕೆ ತಲುಪಿಸುತ್ತದೆ. ಒಂದು ರೋಗದ ಮದ್ದು ಮತ್ತೊಂದರ ಕಾರಣವಾಗದಂತೆ ನೋಡಿಕೊಳ್ಳುವ ವಿಚಾರ ನಮ್ಮ ಯೋಜನೆಗಳಲ್ಲಿ ಕಾಣುವುದಿಲ್ಲ.

ಹೊಲದ ಗೊಬ್ಬರ ನದಿಗಿಂತ ಮೊದಲು ತಟ್ಟುವುದು ಹೊಲದವನ ಬಾವಿಯನ್ನೇ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನದಂಡ; ಹೆಚ್ಚಾದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯ ಪ್ರಕಾರ ಕರ್ನಾಟಕದಲ್ಲಿ ಪರೀಕ್ಷಿಸಿದ ಮಾದರಿಗಳ ಪೈಕಿ ಶೇ. 48ರಷ್ಟು ಈ ಮಿತಿ ಮೀರಿದ್ದವು. ರಾಜಸ್ಥಾನವನ್ನು (ಶೇ. 49) ಬಿಟ್ಟರೆ ನಾವೇ ಮುಂದು. ಇದಕ್ಕೆ ಗೊಬ್ಬರವೊಂದೇ ಹೊಣೆಯಲ್ಲ. ಮಲಗುಂಡಿ, ತಿಪ್ಪೆಗಳೂ ಪಾಲುದಾರರು.

ಊರಿನ ಪಾಲು

ಇಲ್ಲಿಗೆ ಬಂದಾಗ ಪಟ್ಟಣವಾಸಿಗಳು ತಮ್ಮ ಬೆರಳನ್ನು ತಮ್ಮತ್ತಲೇ ತಿರುಗಿಸಿಕೊಳ್ಳಬೇಕಾಗುತ್ತದೆ. ಭಾರತೀಯರ ಆಹಾರದ ಆಧಾರದ ಮೇಲೆ ತಜ್ಞರು ಹಾಕಿರುವ ಅಂದಾಜಿನಂತೆ ಒಬ್ಬ ವ್ಯಕ್ತಿಯ ಮಲಮೂತ್ರದಲ್ಲಿ ವರ್ಷಕ್ಕೆ ಸುಮಾರು 2.7 ಕಿಲೊ ಸಾರಜನಕ, 0.4 ಕಿಲೊ ರಂಜಕ ಇರುತ್ತದೆ. ಇಪ್ಪತ್ತು ಸಾವಿರ ಜನರ ಒಂದು ಸಣ್ಣ ಪಟ್ಟಣವನ್ನು ಊಹಿಸಿಕೊಳ್ಳಿ. ಅಲ್ಲಿಂದ ವರ್ಷಕ್ಕೆ 54 ಟನ್ ಸಾರಜನಕ, 8 ಟನ್ ರಂಜಕ ಹೊರಬೀಳುತ್ತದೆ. ಸಾವಿರ ಹೆಕ್ಟೇರ್ ಕಬ್ಬಿಗೆ ಶಿಫಾರಸಿನಂತೆ 250 ಟನ್ ಸಾರಜನಕ ಹಾಕಿ, ಅದರಲ್ಲಿ ಐದನೆಯ ಒಂದು ಭಾಗ ನೀರಿನೊಡನೆ ಹೋಯಿತೆಂದು ಭಾವಿಸಿದರೂ ಆಗುವುದು 50 ಟನ್. ಎಂದರೆ ಒಂದು ಸಣ್ಣ ಪಟ್ಟಣ ಮತ್ತು ಸಾವಿರ ಹೆಕ್ಟೇರ್ ಕಬ್ಬು ಹೆಚ್ಚುಕಡಿಮೆ ಸಮಸಮ! ಊರಿನದೆಲ್ಲವೂ ನದಿ ಮುಟ್ಟುವುದಿಲ್ಲ; ಗುಂಡಿಯಲ್ಲಿ, ಮಣ್ಣಿನಲ್ಲಿ ಬಹಳಷ್ಟು ಉಳಿಯುತ್ತದೆ. ಆದರೆ ಹೊಲದಿಂದ ಹೋಗುವುದಕ್ಕೆ ಮಳೆಗಾಲ ಬೇಕು. ಊರಿನ ಚರಂಡಿ ಮುನ್ನೂರ ಅರವತ್ತೈದು ದಿನವೂ ಹರಿಯುತ್ತದೆ. ನದಿಯಲ್ಲಿ ನೀರು ತೀರ ಕಡಿಮೆಯಿರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ಬಾಂದಾರದ ಹಿಂದೆ ನಿಂತದ್ದರಲ್ಲಿ ಚರಂಡಿಯ ಪಾಲೇ ಹಿರಿದಾಗುವುದು ಸಹಜ.

ಐನಾಪುರದಂಥ ಪಟ್ಟಣಗಳಿಗಿಂತ ದೊಡ್ಡ ಹೊರೆ ಮೇಲಿನಿಂದ ಬರುತ್ತದೆ. ಕರಾಡ, ಸಾಂಗ್ಲಿ ಕೃಷ್ಣೆಯ ದಂಡೆಯ ಮೇಲಿವೆ. ಕೊಲ್ಹಾಪುರ, ಇಚಲಕರಂಜಿಗಳನ್ನು ಹಾಯ್ದು ಬರುವ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಪಂಚಗಂಗೆಯ ಜಲಕಳೆ ಅಲ್ಲಿನ ಜನರಿಗೆ ವಾರ್ಷಿಕ ಉಪದ್ರವ. ಅದರ ಮಾಲಿನ್ಯದ ಕುರಿತು ಮುಂಬಯಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಿಚಾರಣೆ ನಡೆದಿದೆ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹಬ್ಬಿ ಜನ ಸತ್ತದ್ದನ್ನು ಗಡಿಯ ಈಚೆಯವರೂ ಮರೆತಿಲ್ಲ.

ಇಡೀ ದೇಶದ ಚಿತ್ರವೂ ಬೇರೆಯಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರಗಳಲ್ಲಿ ದಿನವೊಂದಕ್ಕೆ 7,236 ಕೋಟಿ ಲೀಟರ್ ಕೊಳಚೆ ಹುಟ್ಟುತ್ತದೆ. ನಿಜವಾಗಿ ಸಂಸ್ಕರಣೆಯಾಗುತ್ತಿದ್ದದ್ದು 2,023 ಕೋಟಿ ಲೀಟರ್. ಉಳಿದದ್ದು ಹೋಗುವ ದಾರಿ ಎಲ್ಲರಿಗೂ ಗೊತ್ತು.

ಕಾರ್ಖಾನೆಯ ಪಾಲು

ಸಕ್ಕರೆ ಕಾರ್ಖಾನೆಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕಾರ್ಖಾನೆಯ ತ್ಯಾಜ್ಯನೀರಿನಲ್ಲಿ ಸಕ್ಕರೆಯ ಅಂಶ ಹೇರಳ, ಸಾರಜನಕ-ರಂಜಕ ಕಡಿಮೆ. ಎಷ್ಟು ಕಡಿಮೆಯೆಂದರೆ ಸಂಸ್ಕರಣಾ ಘಟಕದ ಸೂಕ್ಷ್ಮಜೀವಿಗಳನ್ನು ಬದುಕಿಸಲು ಅಲ್ಲಿಯವರೇ ತೊಟ್ಟಿಗೆ ಯೂರಿಯಾ, ಡಿಎಪಿ ಹಾಕುವ ಪದ್ಧತಿಯಿದೆ! ಆದ್ದರಿಂದ ಈ ನೀರು ಸಂಸ್ಕರಣೆಯಿಲ್ಲದೆ ನದಿಗೆ ಬಿದ್ದರೆ ಮೀನು ಸಾಯುವುದು ಖಂಡಿತ, ಆದರೆ ಬೇಸಿಗೆಯುದ್ದಕ್ಕೂ ನೀರು ಹಸಿರಾಗಿರುವುದಕ್ಕೆ ಅದೊಂದನ್ನೇ ಹೊಣೆ ಮಾಡಲಾಗದು. 2016ರಲ್ಲಿ ಕೇಂದ್ರ ಸರಕಾರ ಒಂದು ಟನ್ ಕಬ್ಬು ನುರಿದಾಗ ಹೊರಬಿಡಬಹುದಾದ ನೀರಿನ ಮಿತಿಯನ್ನು 400 ಲೀಟರಿನಿಂದ 200ಕ್ಕೆ ಇಳಿಸಿತು. ದಿನಕ್ಕೆ ಹತ್ತು ಸಾವಿರ ಟನ್ ನುರಿಯುವ ಕಾರ್ಖಾನೆಗೆ ಇದು ಈಗಲೂ 20 ಲಕ್ಷ ಲೀಟರ್.

ಡಿಸ್ಟಿಲರಿಗಳ ಕಥೆ ಬೇರೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಸುಮಾರು 8ರಿಂದ 15 ಲೀಟರ್ ಸ್ಪೆಂಟ್ ವಾಶ್ ಉಳಿಯುತ್ತದೆ. ಅದರ ಬಿಒಡಿ ಊರ ಕೊಳಚೆಗಿಂತ ನೂರಾರು ಪಟ್ಟು; ಪೊಟ್ಯಾಷ್, ಸಾರಜನಕಗಳೂ ಧಾರಾಳ. ಇದನ್ನು ಒಂದು ಹನಿಯೂ ನದಿಗೆ ಬಿಡುವಂತಿಲ್ಲವೆಂಬ ನಿಯಮ 2003ರಿಂದಲೇ ಇದೆ. ಪೆಟ್ರೋಲಿಗೆ ಎಥೆನಾಲ್ ಬೆರೆಸುವ ಯೋಜನೆ 2025ರಲ್ಲಿ ಶೇ. 20ರ ಗುರಿ ಮುಟ್ಟಿದ ಮೇಲೆ ಕಬ್ಬಿನ ಸೀಮೆಯಲ್ಲಿ ಡಿಸ್ಟಿಲರಿಗಳ ಮಹತ್ವ ಹೆಚ್ಚಿದೆ. ನಿಯಮದ ಜಾರಿಯ ಮೇಲಿನ ಕಣ್ಣೂ ಅಷ್ಟೇ ಹೆಚ್ಚಬೇಕಾದ ಕಾಲವಿದು.

ಅಳೆಯದ ರೋಗಕ್ಕೆ ಮದ್ದಿಲ್ಲ

ಇಷ್ಟಾದರೂ ಸರಕಾರಿ ಕಡತಗಳಲ್ಲಿ ಈ ಎರಡನೆಯ ರೋಗ ಏಕೆ ಕಾಣುವುದಿಲ್ಲ? ಉತ್ತರ ಸರಳ. ನದಿಯನ್ನು ದರ್ಜೆಗೆ ಹಚ್ಚುವ ಮಾನದಂಡದಲ್ಲಿಯೇ ಅದಕ್ಕೆ ಜಾಗವಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿಭಾಗಗಳನ್ನು ಗುರುತಿಸಿತು, ಕರ್ನಾಟಕದವು 17. ಅವುಗಳಲ್ಲಿ ಯಡೂರವಾಡಿಯಿಂದ ತಿಂಥಣಿ ಸೇತುವೆವರೆಗಿನ ಕೃಷ್ಣೆಯೂ ಒಂದು. ಐನಾಪುರದ ತೀರ ಈ ಭಾಗದೊಳಗೇ ಬರುತ್ತದೆ. ಆದರೆ ಆ ಪಟ್ಟಿಗೆ ಆಧಾರ ಬಿಒಡಿಯೊಂದೇ: ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಕಲುಷಿತ, ಮೀರದಿದ್ದರೆ ಇಲ್ಲ. ನೀರನ್ನು 'ಎ'ಯಿಂದ 'ಇ'ವರೆಗೆ ವಿಂಗಡಿಸುವ ಮಂಡಳಿಯ ಹಳೆಯ ದರ್ಜೆಗಳಲ್ಲಿಯೂ ನೈಟ್ರೇಟ್‌ಗೆ, ಫಾಸ್ಫೇಟ್‌ಗೆ ಮಿತಿಯಿಲ್ಲ. ಮಾದರಿಗಳಲ್ಲಿ ನೈಟ್ರೇಟ್ ಅಳೆದರೂ ದರ್ಜೆ ಕಟ್ಟುವಾಗ ಅದು ಲೆಕ್ಕಕ್ಕೆ ಬರುವುದಿಲ್ಲ.

ಕೊಳಚೆ ಸಂಸ್ಕರಣಾ ಘಟಕಗಳ ವಿಷಯವೂ ಹೀಗೆಯೇ. 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾನದಂಡದಲ್ಲಿ ನಾಲ್ಕೇ ಅಂಶಗಳಿದ್ದವು: ಆಮ್ಲ-ಕ್ಷಾರ ಮಟ್ಟ, ಬಿಒಡಿ, ತೇಲುವ ಘನವಸ್ತು, ಮಲದ ಕೋಲಿಫಾರ್ಮ್. 2015ರ ಕರಡಿನಲ್ಲಿದ್ದ ಸಾರಜನಕದ ಮಿತಿ ಅಂತಿಮ ಅಧಿಸೂಚನೆಯಲ್ಲಿ ಬಿಟ್ಟುಹೋಯಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಒಪ್ಪದೆ ಪೋಷಕಾಂಶಗಳನ್ನೂ ಒಳಗೊಂಡ ಬಿಗಿ ಮಾನದಂಡವನ್ನು ಅನುಸರಿಸುವಂತೆ ಆದೇಶಿಸಿತು. ಹೀಗಿರುವಾಗ ಒಂದು ಪಟ್ಟಣ ಕೋಟಿಗಟ್ಟಲೆ ಖರ್ಚು ಮಾಡಿ ಘಟಕ ಕಟ್ಟಿ, ಬಿಒಡಿ ಇಳಿಸಿ, ಸಾರಜನಕ-ರಂಜಕಗಳ ಬಹುಪಾಲನ್ನು ಹಾಗೆಯೇ ನದಿಗೆ ಬಿಟ್ಟರೂ ಕಾಗದದ ಮೇಲೆ ತೇರ್ಗಡೆಯಾಗುವುದು ಸಾಧ್ಯ. ಘಟಕ ಉದ್ಘಾಟನೆಯಾದ ಮರುವರ್ಷವೂ ನೀರು ಹಸಿರಾಗಿಯೇ ಇದ್ದರೆ ಜನ ಆಶ್ಚರ್ಯಪಡಬೇಕಾಗಿಲ್ಲ.

ಹೊಲದಿಂದ ಹರಿಯುವುದಕ್ಕಂತೂ ಕಾನೂನಿನ ಹಿಡಿತವೇ ಇಲ್ಲ. 1974ರ ಜಲ ಕಾಯ್ದೆ ಕೊಳವೆಯ ಬಾಯಿಯನ್ನು ಹಿಡಿಯಬಲ್ಲದು. ಲಕ್ಷಾಂತರ ಹೊಲಗಳ ಬದುವಿನಿಂದ ಒಸರುವ ನೀರನ್ನು ಹಿಡಿಯಲಾರದು. ಹಿಡಿಯಲು ಹೊರಡುವುದೂ ಸರಿಯಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ದಂಡವಲ್ಲ, ಬೆಲೆ.

ಬೆಲೆ ಹೇಳುವ ಪಾಠ

ರೈತ ಹೆಚ್ಚು ಯೂರಿಯಾ ಹಾಕುವುದು ಅಜ್ಞಾನದಿಂದ ಎಂದು ಉಪದೇಶಿಸುವುದು ಸುಲಭ. ಲೆಕ್ಕ ನೋಡಿದರೆ ಅವನ ನಡೆ ಅಷ್ಟೇನೂ ಅಸಂಗತವಲ್ಲ. 45 ಕಿಲೊ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ. 50 ಕಿಲೊ ಡಿಎಪಿ 1,350 ರೂಪಾಯಿ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ರಂಜಕ, ಪೊಟ್ಯಾಷ್ ಗೊಬ್ಬರಗಳು ಅದರೊಳಗೆ ಬಂದವು. ಯೂರಿಯಾ ಹೊರಗೇ ಉಳಿಯಿತು. ಅಗ್ಗದ ಗೊಬ್ಬರ ಹೆಚ್ಚು ಬಿದ್ದೀತಲ್ಲದೆ ಇನ್ನೇನಾದೀತು? ದೇಶ ವರ್ಷಕ್ಕೆ 350 ಲಕ್ಷ ಟನ್‌ಗೂ ಹೆಚ್ಚು ಯೂರಿಯಾ ಬಳಸುತ್ತದೆ. ಹಾಗಿದ್ದೂ 2025ರ ಮುಂಗಾರಿನಲ್ಲಿ ರಾಜ್ಯದ ರೈತರು ಯೂರಿಯಾಕ್ಕಾಗಿ ಸಾಲುಗಟ್ಟಿ ನಿಂತರು.

ಇನ್ನೊಂದು ಕಡೆ ಕಬ್ಬಿನ ದರ. 2025-26ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ನ್ಯಾಯಸಮ್ಮತ ದರ ಶೇ. 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಆ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ಒಬ್ಬ ರೈತನ ಕಬ್ಬಿನ ಸಿಹಿಗೆ ಪ್ರತ್ಯೇಕ ಬೆಲೆಯಿಲ್ಲ. ಅವನ ಕೈಯಲ್ಲಿರುವುದು ತೂಕವೊಂದೇ. ತಡವಾಗಿ, ಅತಿಯಾಗಿ ಹಾಕಿದ ಸಾರಜನಕ ಕಬ್ಬಿನ ತೂಕ ಹೆಚ್ಚಿಸಿದರೂ ಸಕ್ಕರೆಯ ಅಂಶವನ್ನು ಕುಗ್ಗಿಸುತ್ತದೆ ಎಂಬುದು ಕಾರ್ಖಾನೆಗೂ ಗೊತ್ತು, ರೈತನಿಗೂ ಗೊತ್ತು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರೈತರು ದಿನಗಟ್ಟಲೆ ಧರಣಿ ಕುಳಿತು ಟನ್ನಿಗೆ 3,500 ರೂಪಾಯಿ ಕೇಳಿದಾಗ, ಕೊನೆಗೆ 3,300ಕ್ಕೆ ಒಪ್ಪಂದವಾದಾಗ, ಮಾತುಕತೆ ನಡೆದದ್ದು ಟನ್ನಿನ ಮೇಲೆಯೇ. ದರದ ಹೋರಾಟ ನ್ಯಾಯವಾದದ್ದು. ಆದರೆ ತೂಕಕ್ಕಷ್ಟೇ ಬೆಲೆಯಿರುವವರೆಗೆ ಯೂರಿಯಾ ಚೀಲ ಕಡಿಮೆ ಮಾಡಿರೆಂದು ರೈತನಿಗೆ ಹೇಳುವುದು ಅವನ ಆದಾಯ ಕಡಿಮೆ ಮಾಡಿಕೊಳ್ಳೆಂದಂತೆಯೇ.

ಉಳಿತಾಯದ ದಾರಿಗಳು ಇಲ್ಲದಿಲ್ಲ. ಹನಿ ನೀರಾವರಿಯ ಮೂಲಕ ಗೊಬ್ಬರ ಕೊಡುವ ರಸಾವರಿ, ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಹಾಕುವುದು, ರವದಿಯನ್ನು ಸುಡದೆ ಹೊಲದಲ್ಲೇ ಹೊದಿಸುವುದು, ಮಣ್ಣು ಪರೀಕ್ಷೆ ಮಾಡಿಸಿ ರಂಜಕ ಸಾಕಷ್ಟಿರುವಲ್ಲಿ ಡಿಎಪಿ ಬಿಡುವುದು - ಇವು ಯಾವುವೂ ಹೊಸವಲ್ಲ. ರಾಸಾಯನಿಕ ಗೊಬ್ಬರ ಉಳಿಸಿದ ರಾಜ್ಯಗಳಿಗೆ ಉಳಿದ ಸಬ್ಸಿಡಿಯ ಅರ್ಧ ಕೊಡುವ ಪಿಎಂ-ಪ್ರಣಾಮ್ ಯೋಜನೆಗೆ 2023ರ ಜೂನ್‌ನಲ್ಲಿ ಕೇಂದ್ರ ಒಪ್ಪಿಗೆ ನೀಡಿತು. ಆ ಹಣ ಚೀಲ ಉಳಿಸಿದ ರೈತನ ಕೈಗೇ ತಲುಪುವಂತಾದರೆ ಮಾತ್ರ ಯೋಜನೆಗೆ ಹೊಲದಲ್ಲಿ ಅರ್ಥ ಬಂದೀತು.

ಗಡಿಯಾಚೆಗಿನ ಮಾತು

ಕೃಷ್ಣೆಯ ನೀರಿನ ಹಂಚಿಕೆಗೆ ಬಚಾವತ್ ಆಯೋಗ ಬಂತು, ಬ್ರಿಜೇಶ್ ಕುಮಾರ್ ಆಯೋಗ ಬಂತು. ದಶಕಗಳ ಕಾಲ ಉಭಯ ರಾಜ್ಯಗಳ ವಕೀಲರು ಟಿಎಂಸಿ ಲೆಕ್ಕದಲ್ಲಿ ವಾದಿಸಿದರು. ಆ ಟಿಎಂಸಿಗಳೊಳಗೆ ಎಷ್ಟು ಟನ್ ರಂಜಕವಿದೆ ಎಂಬ ಪ್ರಶ್ನೆ ಯಾರ ವಾದದ ಕೇಂದ್ರವೂ ಆಗಲಿಲ್ಲ. ಆದರೆ ದಾರಿ ಕಾನೂನಿನಲ್ಲೇ ಇದೆ. ಎರಡು ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಾಲಿನ್ಯ ನಿಯಂತ್ರಣ ಮಂಡಳಿ ರಚಿಸಲು 1974ರ ಜಲ ಕಾಯ್ದೆಯ 13ನೇ ಕಲಮು ಅವಕಾಶ ನೀಡುತ್ತದೆ. ಅರ್ಧ ಶತಮಾನ ಕಳೆದರೂ ಕೃಷ್ಣೆಗಾಗಿ ಅದನ್ನು ಬಳಸಿಕೊಂಡಿಲ್ಲ.

ಹೊರಗಿನ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಅಮೆರಿಕದ ಚೆಸಾಪೀಕ್ ಕೊಲ್ಲಿಗೆ ಆರು ರಾಜ್ಯಗಳ ಮತ್ತು ರಾಜಧಾನಿಯ ನೀರು ಹರಿದು ಸೇರುತ್ತದೆ. 2010ರಲ್ಲಿ ಅಲ್ಲಿನ ಕೇಂದ್ರ ಪರಿಸರ ಸಂಸ್ಥೆ ಕೊಲ್ಲಿ ತಾಳಿಕೊಳ್ಳಬಲ್ಲ ಸಾರಜನಕ, ರಂಜಕ, ಹೂಳಿನ ವಾರ್ಷಿಕ ಮಿತಿ ಗೊತ್ತುಪಡಿಸಿ ಪ್ರತಿ ರಾಜ್ಯಕ್ಕೂ ಪಾಲು ಹಂಚಿತು. 2025ರ ಗಡುವಿನೊಳಗೆ ಗುರಿ ಪೂರ್ತಿ ಈಡೇರಲಿಲ್ಲ. ಹೊಲಗಳ ಪಾಲೇ ಅಲ್ಲಿಯೂ ಕಗ್ಗಂಟಾಯಿತು. ಆದರೆ ಯಾರಿಂದ ಎಷ್ಟು ಬರುತ್ತಿದೆ ಎಂಬುದರ ಬಗ್ಗೆ ಅಲ್ಲೀಗ ಜಗಳವಿಲ್ಲ, ಅಳತೆಯಿದೆ.

ನಮ್ಮಲ್ಲಿ ಅಂಥ ಅಳತೆ ಅಸಾಧ್ಯವೇನೂ ಅಲ್ಲ. ಕೇಂದ್ರ ಜಲ ಆಯೋಗ ಗಡಿಯಾಚೆ ಕುರುಂದವಾಡದಲ್ಲಿ ಕೃಷ್ಣೆಯ ಹರಿವನ್ನೂ, ಈಚೆ ಸದಲಗಾದಲ್ಲಿ ದೂಧಗಂಗೆಯ ಹರಿವನ್ನೂ ಅಳೆಯುವ ಕೇಂದ್ರಗಳನ್ನು ಹೊಂದಿದೆ. ಹರಿವಿನ ಜತೆಗೆ ಒಟ್ಟು ಸಾರಜನಕ, ಒಟ್ಟು ರಂಜಕಗಳನ್ನು ತಿಂಗಳಿಗೊಮ್ಮೆ, ಮುಂಗಾರಿನ ಮೊದಲ ಮಳೆಗಳಲ್ಲಿ ವಾರಕ್ಕೊಮ್ಮೆ ಅಳೆದರೆ ಗಡಿ ದಾಟುವ ಹೊರೆ ಟನ್ನುಗಳಲ್ಲಿ ತಿಳಿಯುತ್ತದೆ. ಹಿಪ್ಪರಗಿಯಲ್ಲಿಯೂ ಅದನ್ನೇ ಮಾಡಿದರೆ ನಡುವಿನ ನಮ್ಮ ಪಾಲು ಎಷ್ಟೆಂಬುದೂ ತಿಳಿಯುತ್ತದೆ. ಆ ಎರಡನೆಯ ಅಂಕಿ ನಮಗೆ ಮುಜುಗರ ತರಬಹುದು. ಆದರೆ ಅದಿಲ್ಲದೆ ಮೊದಲನೆಯದನ್ನು ಹಿಡಿದು ಮಹಾರಾಷ್ಟ್ರವನ್ನು ಪ್ರಶ್ನಿಸುವ ನೈತಿಕ ಹಕ್ಕೂ ನಮಗಿರುವುದಿಲ್ಲ.

ಕೂಡಲೇ ಆಗಬೇಕಾದದ್ದು ನಾಲ್ಕು. ಗಡಿಯಲ್ಲಿ ಮತ್ತು ಹಿಪ್ಪರಗಿಯಲ್ಲಿ ಪೋಷಕಾಂಶದ ಅಳತೆ, ಅದರ ಫಲಿತಾಂಶದ ಬಹಿರಂಗ ಪ್ರಕಟಣೆ. ನದಿತೀರದ ಪಟ್ಟಣಗಳಿಗೆ ಕಟ್ಟುವ ಸಂಸ್ಕರಣಾ ಘಟಕಗಳಿಗೆ ಸಾರಜನಕ-ರಂಜಕಗಳ ಮಿತಿ. ಸಾಧ್ಯವಿರುವಲ್ಲೆಲ್ಲ ಸಂಸ್ಕರಿಸಿದ ನೀರನ್ನು ನದಿಗೆ ಬಿಡದೆ ಹೊಲಕ್ಕೆ ಹರಿಸುವ ವ್ಯವಸ್ಥೆ, ಏಕೆಂದರೆ ನದಿಗೆ ರೋಗವಾದದ್ದು ಹೊಲಕ್ಕೆ ಗೊಬ್ಬರ. ಕಬ್ಬಿನ ದರದಲ್ಲಿ ತೂಕದೊಡನೆ ಸಿಹಿಗೂ ಬೆಲೆ ಕೊಡುವ ಕ್ರಮದ ಬಗ್ಗೆ ಕಾರ್ಖಾನೆ, ರೈತ, ಸರಕಾರ ಮೂವರೂ ಕೂಡಿ ಚರ್ಚೆ.

ಇದೇ ಕೃಷ್ಣೆಯ ದಂಡೆಯಲ್ಲಿ, ಹಿಪ್ಪರಗಿಯ ಕೆಳಗೆ ಚಿಕ್ಕಪಡಸಲಗಿಯಲ್ಲಿ, 1989ರಲ್ಲಿ ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರು ತಾವೇ ಹಣ ಹಾಕಿ, ತಾವೇ ದುಡಿದು ಬ್ಯಾರೇಜು ಕಟ್ಟಿಕೊಂಡರು. ಸರಕಾರ ನೀರು ನಿಲ್ಲಿಸಿಕೊಡಲಿ ಎಂದು ಕಾಯಲಿಲ್ಲ. ನೀರು ನಿಲ್ಲಿಸಲು ಒಂದಾದ ಜನ ನಿಂತ ನೀರನ್ನು ಕುಡಿಯಲು ಯೋಗ್ಯವಾಗಿ ಉಳಿಸಿಕೊಳ್ಳಲೂ ಒಂದಾಗಬಲ್ಲರು. ಅದಕ್ಕೆ ಬೇಕಾದ ಮೊದಲ ಸಲಕರಣೆ ನಂಬಬಹುದಾದ ಒಂದು ಲೆಕ್ಕದ ಪುಸ್ತಕ. ಅದನ್ನು ತೆರೆಯುವ ಹೊಣೆ ಎರಡೂ ಸರಕಾರಗಳದು.